ಲಂಡನ್ನಿನಿಂದ ಒಂದು ಗಂಟೆ ಇಪ್ಪತ್ತು ನಿಮಿಷ

ಲಂಡನ್ನಿನಿಂದ ಡಬ್ಲಿನ್‌ಗೆ ನಾನೂರೈವತ್ತು ಕಿಲೋಮೀಟರ್, ಹಾರಾಟದ ಸಮಯ ಒಂದು ಗಂಟೆ ಇಪ್ಪತ್ತು ನಿಮಿಷ, ಫೋನಿನ ಪರದೆ ಮತ್ತೆ ಅದನ್ನೇ ಹೇಳುತ್ತಿದೆ, ಅದಕ್ಕೇನು ಗೊತ್ತು, ಹದಿನೈದು ದಿನದಿಂದ ಅಲ್ಲಿನ ವಿಮಾನಗಳನ್ನು ಇಲ್ಲಿ ಇಳಿಯಲು ಬಿಡುತ್ತಿಲ್ಲವೆಂದು — ಒಂದು ಗಂಟೆ ಇಪ್ಪತ್ತು ನಿಮಿಷ, ಅಷ್ಟರಲ್ಲಿ ಅನ್ನ ಸಾರು ಮಾಡಿ ಊಟಕ್ಕೆ ಕೂರಬಹುದು, ಅಷ್ಟೇ ದೂರದಲ್ಲಿ ಅಮ್ಮ ವೆಂಟಿಲೇಟರಿನಲ್ಲಿದ್ದಾಳೆ, ಹೇಗೋ ಹೋದರೂ ಆಸ್ಪತ್ರೆಯೊಳಗೆ ಬಿಡುವುದಿಲ್ಲ. ಅಮ್ಮ ಲಂಡನ್ನಿನಲ್ಲಿ ಶುಭಕ್ಕನ ಮನೆಯಲ್ಲಿದ್ದಳು, ಭಾವ ಆಫೀಸಿನಿಂದ ಕೊರೋನಾ ಜ್ವರ ತಂದರು, ಮೂರು ದಿನದಲ್ಲಿ ಎದ್ದು ಓಡಾಡಿದರು, ಅಮ್ಮ ಏಳಲಿಲ್ಲ. ಅಷ್ಟರೊಳಗೆ ಅವಳು ಇಲ್ಲಿರಬೇಕಿತ್ತು, ಡಬ್ಲಿನ್ ಹೊರವಲಯದ ಈ ಲೂಕನ್ ಮನೆಯ ಮೇಲಿನ ಕೋಣೆಯಲ್ಲಿ, ಹಾಸಿಗೆ ಹಾಸಿಟ್ಟಿದ್ದೆ, ಡಿಸೆಂಬರ್ ಇಪ್ಪತ್ತು, ಭಾನುವಾರ, ಸಂಜೆ ನಾಲ್ಕು ನಲವತ್ತರ ವಿಮಾನ, ಬುಕ್ ಮಾಡಿದ್ದೂ ನಾನೇ, ಹಾಳು ಮಾಡಿದ್ದೂ ನಾನೇ. ಅಡುಗೆಮನೆಯ ಗೋಡೆಯ ಮೇಲೆ ಬೆಂಗಳೂರಿನಿಂದ ತಂದ ಕ್ಯಾಲೆಂಡರು, ಭಾನುವಾರ ರಾಹುಕಾಲ ನಾಲ್ಕೂವರೆಯಿಂದ ಆರು — ಆಫೀಸಿನಲ್ಲಿ ಕೋಡ್ ರಿಲೀಸ್ ಮಾಡುವಾಗ ಒಂದು ದಿನವೂ ನೋಡದವಳು ನಾನು, ಆದರೆ ದಿನಾ ಸಾವಿನ ಲೆಕ್ಕ ಕೇಳಿ ಕೇಳಿ ಎದೆ ಹೆದರಿತ್ತು, ಫೋನ್ ಮಾಡಿದೆ, ಅಮ್ಮಾ ಇವತ್ತು ಬೇಡ, ನಾಳೆ ಒಂಬತ್ತು ನಲವತ್ತಕ್ಕೆ ಇನ್ನೊಂದಿದೆ, ಸೋಮವಾರದ್ದು ಒಂಬತ್ತಕ್ಕೇ ಮುಗಿದೋಗತ್ತೆ, ಬದಲಾಯಿಸ್ತೀನಿ. ಅಯ್ಯೋ ಬಿಡೇ ನೀರಜಾ, ಆಗ್ಲೇ ರೆಡಿಯಾಗಿ ಕೂತಿದೀನಿ, ವಿಮಾನಕ್ಕೆಂಥ ರಾಹುಕಾಲವೇ — ವಿಡಿಯೋದಲ್ಲಿ ಅಮ್ಮ, ಬಾಗಿಲ ಪಕ್ಕದ ಕುರ್ಚಿಯಲ್ಲಿ, ಶುಭಕ್ಕನ ನೀಲಿ ಕೋಟು, ಕುತ್ತಿಗೆಯವರೆಗೂ ಗುಂಡಿ, ತೊಡೆಯ ಮೇಲೆ ಬ್ಯಾಗು. ನಾನು ಬಿಡಲಿಲ್ಲ. ಹೂಂ, ನೀನು ಹಟ ಹಿಡಿದ್ಮೇಲೆ ಮುಗೀತಲ್ಲ, ಎಂದು ನಗುತ್ತ ಗುಂಡಿ ಬಿಚ್ಚತೊಡಗಿದಳು, ಮೇಲಿನದು, ಅದರ ಕೆಳಗಿನದು. ಸಂಜೆ ಸುದ್ದಿ, ಮಧ್ಯರಾತ್ರಿಯಿಂದ ಬ್ರಿಟನ್ನಿನ ವಿಮಾನಗಳು ಬಂದ್, ನಾಲ್ಕು ನಲವತ್ತರದ್ದು ಬಂದು ಇಳಿದಿತ್ತು, ಅಮ್ಮನ ಸೀಟು ಖಾಲಿ. ಗಂಡ ಗುರುದತ್ ಸಮಾಧಾನ ಹೇಳಿದ, ಎರಡು ದಿನದ ಮಾತು ಕಣೇ, ಅತ್ತೆ ಗ್ರ್ಯಾಂಡ್ ಆಗಿರ್ತಾರೆ — ಗ್ರ್ಯಾಂಡಂತೆ, ಇಲ್ಲಿಯವರಿಗೆ ಚೆನ್ನಾಗಿರುವುದೆಲ್ಲ ಗ್ರ್ಯಾಂಡೇ. ಶಾಲೆ ಇನ್ನೂ ತೆರೆದಿಲ್ಲ, ಮಗಳು ತನ್ವಿ ಕಿಟಕಿಗೆ ಮೂಗು ಒತ್ತಿ ನಿಂತಿದ್ದಾಳೆ, ಅಮ್ಮಾ ಲುಕ್, ದ ಸನ್ಸ್ ಗಾನ್ ಆಲ್ರೆಡಿ. ಹೌದು ಮರಿ, ಚಳಿಗಾಲ ಅಲ್ವಾ, ನಾಲ್ಕೂಕಾಲಿಗೇ ಕತ್ತಲೆ — ತಡೆ, ಹೊತ್ತು ಮುಳುಗಿತೆ, ಹಗಲನ್ನು ಎಂಟು ಪಾಲು ಮಾಡಬೇಕು ಮಗಾ, ಭಾನುವಾರ ಕೊನೇ ಪಾಲು ರಾಹುವಿಂದು, ತಾತ ಬೆರಳು ಮಡಚಿ ಹೇಳಿಕೊಟ್ಟದ್ದು, ಸೂರ್ಯ ಮುಳುಗಿದರೆ ಅದೂ ಮುಗಿಯಿತು, ಗೋಡೆಯ ಕ್ಯಾಲೆಂಡರಿನ ಆರು ಗಂಟೆ ಬೆಂಗಳೂರಿನ ಸೂರ್ಯನದು, ಬೆರಳು ತಾನಾಗಿ ಟೈಪ್ ಮಾಡುತ್ತಿದೆ, ಲಂಡನ್, ಡಿಸೆಂಬರ್ ಇಪ್ಪತ್ತು, ಸೂರ್ಯಾಸ್ತ ಮೂರು ಐವತ್ಮೂರು. ಮೂರು ಐವತ್ಮೂರು. ವಿಮಾನ ನಾಲ್ಕು ನಲವತ್ತಕ್ಕೆ. ರಾಹುಕಾಲ ಕಳೆದು ಮುಕ್ಕಾಲು ಗಂಟೆಯಾಗಿತ್ತು, ಯಾವ ದೋಷವೂ ಇರಲಿಲ್ಲ, ಅಮ್ಮ ಹೊರಡಬಹುದಿತ್ತು, ನಾನೇ ತಡೆದೆ, ದೇವರೇ, ನಾನೇ ತಡೆದೆ. ಫೋನ್ ಹೊಡೆದುಕೊಳ್ಳುತ್ತಿದೆ, ಶುಭಕ್ಕ, ಆಸ್ಪತ್ರೆಯವರು ಅವಳಿಗೆ ದಿನಾ ಹೇಳುವುದು ಆರು ಗಂಟೆಗೆ, ಅವಳು ನನಗೆ ಹೇಳುವುದು ಆಮೇಲೆ, ಈಗ ಇನ್ನೂ ನಾಲ್ಕೂಕಾಲು, ಈಗ ಯಾಕೆ ಮಾಡುತ್ತಾಳೆ, ಅಮ್ಮಾ ಯುವರ್ ಫೋನ್, ಕೇಳಿಸಿತು ಮರಿ, ಎತ್ತುತ್ತೇನೆ, ಎತ್ತಬೇಕು, ಬಾಗಿಲ ಪಕ್ಕದ ಕುರ್ಚಿಯಲ್ಲಿ ಅಮ್ಮ ನಗುತ್ತ ಗುಂಡಿ ಬಿಚ್ಚುತ್ತಿದ್ದಾಳೆ, ಮೇಲಿನದು, ಅದರ ಕೆಳಗಿನದು, ಅದರ ಕೆಳಗಿನದು