ಹಣ್ಣಾಗದ ಹಾಪೂಸು

ಹರಾಜಿನ ಆ್ಯಪು ಒಂದು ಸಾಮಾನಿನ ಹೆಸರಿಗೆ ಕೊಡುವ ಜಾಗ ಎಂಬತ್ತು ಅಕ್ಷರ. ಆ ಎಂಬತ್ತರಲ್ಲಿ ‘ಕಟ್ಟಿಗೆ’ ಎಂಬ ಒಂದೇ ಒಂದು ಮಾತು ಸೇರಿಸುವುದಕ್ಕೆ ದಾಕ್ಷಾಯಿಣಿ ಎರಡು ವರ್ಷದಿಂದ ಮಾವನ ಜೊತೆ ಗುದ್ದಾಡುತ್ತಿದ್ದಳು.

ಮಾವ ಸಿದ್ರಾಯ ಗೋಕಾಕದಲ್ಲಿ ಕಟ್ಟಿಗೆಯ ಹಣ್ಣು ಮಾಡುವವನು. ಸುಮ್ಮನೆ ಕೆತ್ತಿ ಬಣ್ಣ ಬಳಿದು ಕೈತೊಳೆದುಕೊಳ್ಳುವ ಆಸಾಮಿಯಲ್ಲ. ಹಣ್ಣಿನ ತೂಕ ಬರಲಿ ಎಂದು ಒಳಗೆ ಕೊರೆದು ಮರಳು ತುಂಬಿ ಬೆಣೆ ಹೊಡೆಯುತ್ತಿದ್ದ. ಮಾವಿನಹಣ್ಣಾದರೆ ಎಲ್ಲ ಮುಗಿದ ಮೇಲೆ ತೊಟ್ಟಿನ ಬುಡದಲ್ಲಿ ಸೊನೆ ಇಳಿದು ಒಣಗಿದ ಕಲೆ ಎಳೆಯುತ್ತಿದ್ದ. ಆ ಕಲೆ ಬಿದ್ದ ಮೇಲೆ ದೇವರೂ ಕೈಚಾಚಬೇಕು ಎಂಬುದು ಅವನ ಸೊಕ್ಕು.

“ಕಟ್ಟಿಗಿ ಅಂತ ನೀನ ಡಂಗುರಾ ಹೊಡದ್ರ ನನ್ನ ಕೈಯಾಗಿನ ಕೆಲಸಕ್ಕ ಏನ್ ಕಿಮ್ಮತ್ತು ಉಳೀತವ್ವಾ?” ಎನ್ನುತ್ತಿದ್ದ.

“ಮಾವಾರ, ಗಿರಾಕಿ ‘ಕಟ್ಟಿಗಿ ಗೊಂಬಿ’ ಅಂತ ಹುಡುಕತಾರ್ರಿ. ಬರೇ ಮಾವಿನಹಣ್ಣು ಅಂತ ಬರದ್ರ ತಿನ್ನಾವ್ರು ಬರತಾರ.”

“ಬರಲಿ. ಬಂದು ಮೋಸ ಹೋಗಲಿ. ಮೋಸ ಹೋದ್ರನ ಅದು ಗೋಕಾಕದ ಹಣ್ಣು.”

ಇಂಥವನಿಗೆ ಏನು ಹೇಳುವುದು? ದಾಕ್ಷಾಯಿಣಿ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಮೊದಲು ವಸ್ತು ಏನು, ಯಾತರದ್ದು, ಎಷ್ಟು, ಎಷ್ಟು ದೊಡ್ಡದು, ಯಾವ ಊರಿನದು. ಹೆಸರೆಂದರೆ ಇಷ್ಟೇ, ಇದನ್ನು ಅವಳು ಪೆಟ್ಟು ತಿಂದು ಕಲಿತಿದ್ದಳು. ‘ಅಸಲಿ’, ‘ಅಪರೂಪ’, ‘ಬಾಯಲ್ಲಿ ನೀರೂರಿಸುವ’ ಎಂದು ಜಗತ್ತಿನಲ್ಲಿ ಯಾರೂ ಹುಡುಕುವುದಿಲ್ಲ. ಆದರೆ ಅವಳು ಸ್ನಾನಕ್ಕೆ ಹೋದದ್ದೇ ತಡ, ಸಿದ್ರಾಯ ಫೋನು ಹಿಡಿದು ಅದರ ಮೈಕಿಗೆ ಬಾಯಿ ಕೊಟ್ಟು ಹೆಸರು ಬದಲಿಸಿಬಿಡುತ್ತಿದ್ದ. ಕೆಳಗಿನ ವಿವರದಲ್ಲಿ ಅವಳು ‘ಕಟ್ಟಿಗೆ’ ಎಂದು ಬರೆದೇ ಇರುತ್ತಿದ್ದಳು. ಅದನ್ನು ಯಾವ ಪುಣ್ಯಾತ್ಮ ಓದುತ್ತಾನೆ?

ಮೂಡಲಗಿಯ ಬಾಳೇಶ ಎಂಬವನು ಓದಿರಲಿಲ್ಲ. ಹೊಸ ಟ್ರ್ಯಾಕ್ಟರ್ ಪೂಜೆಗೆಂದು ನಾಲ್ಕು ‘ರಸಭರಿತ ನಿಂಬೆಹಣ್ಣು’ ತರಿಸಿ ನಾಲ್ಕು ಗಾಲಿಗೆ ಇಟ್ಟಿದ್ದ. ಒಂದೂ ಒಡೆಯಲಿಲ್ಲ. ಒಂದು ಗಾಲಿಯಡಿಯಿಂದ ಚಿಮ್ಮಿ ಪೂಜಾರಿಯ ಮೊಣಕಾಲಿಗೆ ಬಡಿದಿತ್ತು. ಅಪಶಕುನವಾಯಿತೆಂದು ಅವನು ದೂರು ಕೊಟ್ಟಾಗ ಆ್ಯಪಿನವರು ಎಚ್ಚರಿಕೆ ಕಳಿಸಿದ್ದರು. ಸಿದ್ರಾಯ ಮಾತ್ರ ಅದನ್ನು ಓಣಿಯವರಿಗೆಲ್ಲ ಬಹುಮಾನ ಬಂದಂತೆ ಹೇಳಿಕೊಂಡು ಬಂದಿದ್ದ.

ಈಗ ಎರಡನೆಯದು ಬಂದಿತ್ತು. ಬೆಲ್ಲದ ಬಾಗೇವಾಡಿಯ ಅಕ್ಕವ್ವ ಎಂಬುವವಳ ದೂರು: ‘ಆರು ಹಾಪೂಸು ಮಾವಿನಹಣ್ಣು. ಎಂಟು ದಿನ ಹುಲ್ಲಿನಲ್ಲಿ ಇಟ್ಟರೂ ಹಣ್ಣಾಗಲಿಲ್ಲ. ಚಾಕು ಮುರಿಯಿತು. ಮೋಸ.’ ಕೆಳಗೆ ಆ್ಯಪಿನವರ ತೀರ್ಮಾನ: ಶುಕ್ರವಾರ ಸಂಜೆಯೊಳಗೆ ಗಿರಾಕಿ ದೂರು ಹಿಂತೆಗೆದುಕೊಳ್ಳದಿದ್ದರೆ ಅಂಗಡಿ ಕಾಯಂ ಬಂದ್.

ಬಂದ್ ಎಂದರೆ ದಾಕ್ಷಾಯಿಣಿ ಒಂದೊಂದಾಗಿ ಕೂಡಿಸಿದ ನೂರಾ ಹನ್ನೆರಡು ಮೆಚ್ಚುಗೆಗಳೂ ಹೋದಂತೆ. ಊರ ಅಂಗಡಿಗಳಲ್ಲಿ ಈಗ ಪ್ಲಾಸ್ಟಿಕ್ ಹಣ್ಣು ತೂಗಾಡುತ್ತಿದ್ದವು. ಈ ಆ್ಯಪು ಬಿಟ್ಟರೆ ಸಿದ್ರಾಯನ ಹಣ್ಣಿಗೆ ಬೇರೆ ಬಾಗಿಲು ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿದರು. ಅವಳ ಮನಸ್ಸಿನಲ್ಲಿ ಕಾಲು ಹಿಡಿಯುವುದಾದರೂ ಹೇಗೆ ಎಂಬ ಲೆಕ್ಕಾಚಾರ. ಬಾಜೂದಲ್ಲಿ ಕೂತ ಮಾವನ ಮುಖದಲ್ಲಿ ಮದುವೆಮನೆಯ ಕಳೆ.

“ಇನ್ನೊಮ್ಮೆ ಓದವ್ವಾ. ಹುಲ್ಲಿನಾಗ ಎಷ್ಟ ದಿನಾ ಇಟ್ಟಿದ್ರಂತ?”

“ಮಾವಾರ, ಅಲ್ಲಿ ಹೋಗಿ ತಪ್ಪಾತು ಅನ್ನೂದು ಬಿಟ್ಟು ಒಂದ ಶಬ್ದಾ ಆಡಿದ್ರ ನಾ ಅಲ್ಲಿಂದನ ತವರಿಗೆ ಹೋಗತೇನಿ, ನೋಡ್ರಿ.”

ಅಕ್ಕವ್ವನದು ಊರೊಳಗೆ ಕಿರಾಣಿ ಅಂಗಡಿ, ಹಿಂದೆ ಮನೆ. ಇವರು ಯಾರೆಂದು ತಿಳಿದ ಕೂಡಲೇ ಒಳಗಿನಿಂದ ಒಂದು ತಾಟು ತಂದು ಅವರೆದುರು ಕುಕ್ಕಿದಳು. ತಾಟಿನಲ್ಲಿ ಒಂದು ಮಾವಿನಹಣ್ಣು, ಅದರ ಹೊಟ್ಟೆಯಲ್ಲಿ ಸಿಕ್ಕಿಕೊಂಡ ಚಾಕುವಿನ ತುಂಡು.

“ತಪ್ಪಾತ್ರಿ ಅಕ್ಕಾರ,” ಎಂದು ದಾಕ್ಷಾಯಿಣಿ ಶುರುಮಾಡುವಷ್ಟರಲ್ಲಿ ಸಿದ್ರಾಯ ತಾಟಿನ ಮೇಲೆ ಬಗ್ಗಿದ್ದ.

“ಕೊಯ್ಯೂತನಾ ಖರೇನ ಗೊತ್ತಾಗಲಿಲ್ಲೇನ್ರಿ? ತೊಟ್ಟಿನ ಹತ್ರ ಸೊನಿ ನೋಡಿದ್ರಿಲ್ಲೊ?”

ದಾಕ್ಷಾಯಿಣಿಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಕ್ಕವ್ವ ಮಾತ್ರ ಬೈಯಲಿಲ್ಲ. ಅವನನ್ನೇ ಒಂದು ಗಳಿಗೆ ನೋಡಿ, “ಅನುರಾಧಾ, ಹೊರಗ ಬಾರವ್ವಾ,” ಎಂದು ಕೂಗಿದಳು.

ಏಳು ತಿಂಗಳ ಬಸುರಿ ಹುಡುಗಿ ಬಾಗಿಲಿಗೆ ಬಂದು ನಿಂತಳು. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು.

“ನನ್ನ ಮಗಳ್ರಿ. ಮಾವಿನಹಣ್ಣಿನ ಬಯಕಿ. ಈ ಕಾರ್ತೀಕದಾಗ ನಾ ಎಲ್ಲಿಂದ ತರ್ಲಿ? ಹುಕ್ಕೇರಿ ಸಂತಿಗೆ ಹೋದೆ, ಸಂಕೇಶ್ವರದಾಗ ಕೇಳಿಸಿದೆ. ಮೊಬೈಲಿನ್ಯಾಗ ನಿಮ್ಮ ಹಣ್ಣ ಕಂಡ್ವು. ನಾಕ ಮಂದಿ ಕೂಡ ಸವಾಲ ಏರಿಸಿ ಹಿಡದೆ. ಗಟ್ಟಿ ಅದಾವಂತ ಹುಲ್ಲಿನಾಗಿಟ್ಟೆ. ಇಕಿ ದಿನಾ ಮುಂಜಾನಿ ಎದ್ದು ಮುಖಾ ತೊಳಿಯೂಕಿಂತ ಮೊದಲ ಹುಲ್ಲ ಸರಿಸಿ ಮೂಸಿ ನೋಡಾಕಿ. ‘ಅವ್ವಾ, ಇವತ್ತ ಸ್ವಲ್ಪ ವಾಸನಿ ಬಂದಂಗ ಆತು’ ಅನ್ನಾಕಿ.”

ಸಿದ್ರಾಯನ ಕೈ ತಾಟಿನ ಮೇಲೇ ನಿಂತಿತು. ಜನ್ಮವೆಲ್ಲ ಕೇಳಬೇಕೆಂದಿದ್ದ ಹೊಗಳಿಕೆಯನ್ನು ಯಾರೋ ಈ ರೀತಿ ಮುಖಕ್ಕೆ ಎರಚಿದ್ದರು. ಅವನು ಹುಡುಗಿಯ ಕಡೆ ನೋಡಿದ, ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ.

“ತಪ್ಪಾತವ್ವಾ ತಂಗೀ,” ಎಂದ. “ಬಸುರಿ ಹೆಣ್ಮಗಳಿಗೆ ಕಟ್ಟಿಗಿ ತಿನಸಾಕ ಹೋದೆ. ಯಾವ ಪಾಪಕ್ಕೂ ಸಮಾ ಅಲ್ಲ ಇದು.”

ಅಕ್ಕವ್ವ ಒಳಗಿಂದ ಚಹಾ ತಂದಳು. ಫೋನು ತೆಗೆದು, ದಾಕ್ಷಾಯಿಣಿ ತೋರಿಸಿದ ಕಡೆ ಒತ್ತಿ, ದೂರು ಹಿಂದಕ್ಕೆ ತೆಗೆದಳು. ಹಣ್ಣುಗಳನ್ನು ವಾಪಸು ಕಟ್ಟಿಕೊಡುವಾಗ ಅನುರಾಧಾ ಒಂದನ್ನು ಹಿಡಿದುಕೊಂಡು, “ಇದೊಂದ ಇರ್ಲಿ ಬಿಡ್ರಿ,” ಎಂದಳು.

ಅಂಗಡಿ ಉಳಿಯಿತು. ಮರಳುವ ಬಸ್ಸಿನಲ್ಲಿ ಸಿದ್ರಾಯ ಘಟಪ್ರಭಾ ದಾಟುವವರೆಗೂ ಹಣ್ಣಿನ ಗಂಟನ್ನೇ ತೊಡೆಯ ಮೇಲೆ ಹಿಡಿದಿದ್ದ. ಆಮೇಲೆ, “ಬರಿಯವ್ವಾ. ಮೊದಲನೇ ಶಬ್ದ ಕಟ್ಟಿಗಿ ಅಂತನ ಇರ್ಲಿ,” ಎಂದ.

‘ಕಟ್ಟಿಗೆಯ ಮಾವಿನಹಣ್ಣು, ಆರು, ನಾಲ್ಕು ಇಂಚು, ಕೈಕೆಲಸ, ಗೋಕಾಕ ಗೊಂಬೆ’ ಎಂದು ಅವಳು ಬರೆದಳು. ಎರಡು ವರ್ಷದ ಜಗಳ ಗೆದ್ದಿದ್ದಳು, ಆದರೆ ಖುಷಿ ಎಲ್ಲಿ ಹೋಯಿತೋ ಸಿಗಲಿಲ್ಲ.

ಹತ್ತು ದಿನದ ಮೇಲೆ ಹೊಸ ಹಣ್ಣುಗಳ ಫೋಟೋ ತೆಗೆಯಲು ಕೂತಾಗ ಅವಳ ಕಣ್ಣಿಗೆ ಬಿತ್ತು. ಆರರಲ್ಲೂ ತೊಟ್ಟಿನ ಬುಡದಲ್ಲಿ ಸೊನೆಯ ಕಲೆ ಇರಬೇಕಾದಲ್ಲಿ ರೂಪಾಯಿ ಅಗಲದ ಜಾಗಕ್ಕೆ ಬಣ್ಣವೇ ಇಲ್ಲ. ಬೋಳು ಕಟ್ಟಿಗೆ ಕಾಣುತ್ತಿತ್ತು.

“ಇದೇನ್ರಿ ಮಾವಾರ?”

“ಕೈಯಾಗ ಹಿಡದಾವ್ರಿಗೆ ಗೊತ್ತಾಗಲಿ ಅಂತ,” ಎಂದ ಸಿದ್ರಾಯ, ಅವಳ ಮುಖ ನೋಡದೆ. “ಇನ್ನ ಯಾರೂ ಮೂಸಿ ನೋಡೂದ ಬ್ಯಾಡ.”

ದಾಕ್ಷಾಯಿಣಿಗೆ ಎಲ್ಲಿಲ್ಲದ ಸಿಟ್ಟು ಬಂತು.

“ಎರಡ ವರ್ಷಾ ನಾ ಬಡಕೊಂಡಿದ್ದು ಹೆಸರಿನ ಸಲುವಾಗಿ, ಹಣ್ಣಿನ ಸಲುವಾಗಿ ಅಲ್ರಿ! ಖರೆ ಹೇಳಾಕ ನಾ ಅದೇನಿ, ಎಂಬತ್ತ ಅಕ್ಷರ ಅದಾವು. ನೀವು ಮೋಸಾ ಮಾಡ್ರಿ. ಹಚ್ಚರಿ ಬಣ್ಣಾ!”

ಕುಂಚವನ್ನು ಅವನ ಕೈಗೆ ತುರುಕಿದಳು. ಸಿದ್ರಾಯ ಬಣ್ಣ ಕಲಸಿ, ಬೋಳು ಜಾಗ ತುಂಬಿ, ಮಧ್ಯಾಹ್ನ ಅದು ಒಣಗಿದ ಮೇಲೆ ಒಂದೊಂದಕ್ಕೂ ಸೊನೆಯ ಕಲೆ ಎಳೆದು ಕೈತೊಳೆಯಲು ಹಿತ್ತಲಿಗೆ ಎದ್ದುಹೋದ.

ದಾಕ್ಷಾಯಿಣಿ ಒಂದು ಹಣ್ಣನ್ನು ಕೈಗೆ ತೆಗೆದುಕೊಂಡಳು. ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಮೂಸಿ ನೋಡಿದಳು.