ಉತ್ತರಕ್ಕೆ ತಲೆ ಇಟ್ಟ ಸೂಜಿ

ಐದನೇ ಇಯತ್ತೆಯ ಭೂಗೋಳದ ಪುಸ್ತಕದಲ್ಲಿ ಸಮುದ್ರಕ್ಕೆ ಸಿಕ್ಕದ್ದು ಒಂದು ಪುಟ, ಆ ಪುಟದಲ್ಲಿ ನಾವಿಕರಿಗೆ ಸಿಕ್ಕದ್ದು ಒಂದು ಸಾಲು. 'ನಾವಿಕರು ದಿಕ್ಸೂಚಿ ಮತ್ತು ನಕ್ಷತ್ರಗಳ ನೆರವಿನಿಂದ ದಾರಿ ಕಂಡುಕೊಳ್ಳುತ್ತಾರೆ.' ಅಷ್ಟು ಹೇಳಿ ಪುಸ್ತಕ ಬಂದರುಗಳ ಹೆಸರಿಗೆ ಹೊರಟುಬಿಡುತ್ತಿತ್ತು. ಇಂದೂಬಾಯಿಯೂ ಅದರ ಹಿಂದೆಯೇ ಹೊರಟಿದ್ದಳು. ಕನ್ನೊಳ್ಳಿಯ ಸಾಲೆಗೆ ಆಕೆ ಹೊಸ ಶಿಕ್ಷಕಿ. ಹುಟ್ಟಿದ ಮೇಲೆ ಕಂಡ ದೊಡ್ಡ ನೀರೆಂದರೆ ಭೀಮಾ ಹೊಳೆ, ಅದೂ ತುಂಬಿ ಬಂದಾಗ. ಆಗಲೂ ಆಚೆ ದಂಡೆಯ ಜಾಲಿಗಿಡಗಳು ಕಾಣುತ್ತಿದ್ದವು.

ಹುಡುಗಿಯರ ಸಾಲಿನಿಂದ ಬಾನುಬಿ ಎದ್ದು ನಿಂತಳು. "ಅಕ್ಕೋರ, ಕಂಡ್ಕೋತಾರ ಅಂದ್ರ ಹೆಂಗ್ರಿ?"

"ಕುಂದ್ರು. ಪುಸ್ತಕದಾಗ ಅಷ್ಟಽ ಐತಿ."

"ಅಷ್ಟರಾಗ ನಮ್ಮವ್ವ ಒಪ್ಪಂಗಿಲ್ಲರಿ."

ಅವ್ವ ಒಪ್ಪದಿರುವ ಸಂಗತಿ ಊರಿಗೆಲ್ಲ ಗೊತ್ತಿತ್ತು. ಬಾನುಬಿಯ ಅಣ್ಣ ಮೆಹರಾಜ ಮುಂಬಯಿಯಲ್ಲಿ ಹಡಗಿನ ಮೇಲೆ ಕೆಲಸಕ್ಕೆ ಸೇರಿದ್ದ. ಹಡಗಿನ ಕಬ್ಬಿಣಕ್ಕೆ ತುಕ್ಕು ಕೆರೆದು ಬಣ್ಣ ಬಳಿಯುವುದು ಅವನ ಕೆಲಸ. ಹಡಗು ದಂಡೆಗೆ ನಿಂತಿರುವ ತನಕ ಅವರವ್ವ ಮಾಬುಬಿ ನಿಶ್ಚಿಂತೆಯಿಂದ ಕೌದಿ ಹೊಲಿಯುತ್ತ ಕೂತಿದ್ದಳು. ನಿಂತ ಹಡಗೆಂದರೆ ಅವಳ ಲೆಕ್ಕದಲ್ಲಿ ಒಂದು ಮನೆ, ಸುತ್ತ ಸ್ವಲ್ಪ ನೀರು. ಈಗ ಸೋಮವಾರ ಹಡಗು ಹೊರಡುತ್ತದೆಂದು ಕಾಗದ ಬಂದಿತ್ತು. ಹೊರಡುವುದೆಂದರೇನು? ಕಲ್ಲಿಲ್ಲ, ಗಿಡವಿಲ್ಲ, ಗಾಡಿಯ ಜಾಡಿಲ್ಲ, ಕೇಳೋಣವೆಂದರೆ ಎದುರಿಗೆ ಬರುವ ಮನುಷ್ಯನಿಲ್ಲ. ಹೋದವನು ತಿರುಗಿ ಬರುವುದು ಯಾವ ಗುರುತಿನ ಮೇಲೆ? ಮಾಬುಬಿ ತಂತಿ ಹೊಡೆಸಲು ನಿರ್ಧರಿಸಿದಳು. 'ತಾಯಿ ಸೀರಿಯಸ್, ಕೂಡಲೇ ಬಾ.'

ಆ ಕಾಲದಲ್ಲಿ ಸಿಂದಗಿ ತಾಲ್ಲೂಕಿನ ತಾಯಂದಿರು ಆಗಾಗ ಹೀಗೆ ಸೀರಿಯಸ್ ಆಗುತ್ತಿದ್ದರು. ಮಗನಿಗೆ ಹೆಣ್ಣು ನೋಡುವುದಿದ್ದರೆ ಸೀರಿಯಸ್, ಎಮ್ಮೆ ಮಾರುವುದಿದ್ದರೆ ಸೀರಿಯಸ್, ಏನೂ ಇಲ್ಲದೆ ಮಗನ ಮುಖ ನೋಡುವುದಿದ್ದರೂ ಸೀರಿಯಸ್. ಅದೇ ಕಂಪನಿಯಲ್ಲಿದ್ದ ಇದೇ ಊರಿನ ಸಿದ್ರಾಮ ಅಂಥ ತಂತಿ ಕಂಡು ಅಳುತ್ತ ಓಡಿಬಂದಾಗ ಅವರವ್ವ ಶೇಂಗಾ ಹೋಳಿಗೆ ಬೇಯಿಸುತ್ತಿದ್ದಳು. ಅವನು ತಿರುಗಿ ಹೋಗುವುದರೊಳಗೆ ಕಂಪನಿ ಬೇರೆಯವನನ್ನು ಇಟ್ಟುಕೊಂಡಿತ್ತು. ಆ ಊರಿನಲ್ಲಿ ಇನ್ನೊಬ್ಬ ತಾಯಿ ಸೀರಿಯಸ್ ಆದರೆ ಅವಳ ಮಗನೂ ಮನೆಯಲ್ಲೇ ಇರಲಿ ಎಂದು ಕೆಲಸಗಾರರನ್ನು ನೋಡಿಕೊಳ್ಳುವ ಮುಕಾದಮ ಹೇಳಿದ್ದನಂತೆ. ಮಾಬುಬಿಗೂ ಇದು ಗೊತ್ತು. "ಕೆಲಸ ಹೋದ್ರ ಹೋಗ್ಲಿ, ಮಗ ಉಳೀತಾನ" ಎಂದು ಅವಳು ಮಾತು ಮುಗಿಸಿದ್ದಳು. ಶುಕ್ರವಾರ ಸಿಂದಗಿಗೆ ಹೋಗಿ ತಂತಿ ಹೊಡೆಸುವುದೆಂದು ಗೊತ್ತಾಗಿತ್ತು.

"ನೀವು ಕಲಿಸ್ರಿ ಅಕ್ಕೋರ," ಎಂದಳು ಬಾನುಬಿ, "ನಾ ಹೋಗಿ ಅವ್ವಗ ಕಲಿಸ್ತೇನ್ರಿ."

ಇಂದೂಬಾಯಿ ಪುಸ್ತಕ ಮುಚ್ಚಿದಳು. ಅವಳಿಗೆ ಸಮುದ್ರದ ವಿಷಯ ತಿಳಿದಿದ್ದೆಲ್ಲ ಅಜ್ಜಿ ವೆಂಕೂಬಾಯಿಯಿಂದ. ಅಜ್ಜಿಯ ಸಮುದ್ರಗಳು ಏಳು. ಒಂದು ಉಪ್ಪುನೀರಿನದು, ಒಂದು ಕಬ್ಬಿನ ಹಾಲಿನದು, ತುಪ್ಪದ್ದು, ಮೊಸರಿನದು, ಹಾಲಿನದು, ಸಿಹಿನೀರಿನದು. ತೊಟ್ಟಿಲಿನ ವಯಸ್ಸಿನಿಂದ ಕೇಳಿದ್ದನ್ನು ಕೈಬಿಡಲಾಗದೆ ಅಲ್ಲಿಂದಲೇ ಪಾಠ ಸುರು ಮಾಡಿದಳು.

"ಆರಾದವ್ರಿ," ಎಂದ ಮುಂದಿನ ಸಾಲಿನ ಸೋಮನಿಂಗ.

ಏಳನೆಯದು ಹೆಂಡದ ಸಮುದ್ರ. ಆಚೆ ಕೋಣೆಯಲ್ಲಿ ಹೆಡ್‌ಮಾಸ್ತರರಿದ್ದರು. "ಇನ್ನೊಂದು ನಮ್ಮ ಸಿಲಬಸ್ನ್ಯಾಗ ಇಲ್ಲ," ಎಂದು ಇಂದೂಬಾಯಿ ನಾವಿಕರ ಕಡೆ ತಿರುಗಿದಳು.

ಮರುದಿನ ಆಕೆ ಸಿಂದಗಿಯ ಮನೆಯಿಂದ ಕೆಟ್ಟ ರೇಡಿಯೋದೊಳಗಿನ ಸೂಜಿಗಲ್ಲು ಕಿತ್ತು ತಂದಳು. ಬಾನುಬಿ ಅವ್ವನ ಡಬ್ಬಿಯಿಂದ ಕೌದಿ ಹೊಲಿಯುವ ಸೂಜಿ ತಂದಳು, ಕೇಳದೆ. ಸೋಮನಿಂಗ ಜೋಳದ ದಂಟು ಸುಲಿದು ಒಳಗಿನ ಬೆಂಡು ಕೊಟ್ಟ. ಸೂಜಿಯನ್ನು ಸೂಜಿಗಲ್ಲಿಗೆ ಒಂದೇ ದಿಕ್ಕಿಗೆ ತಿಕ್ಕಿ, ಬೆಂಡಿಗೆ ಚುಚ್ಚಿ, ಹಿತ್ತಾಳೆ ಪರಾತದ ನೀರಿನಲ್ಲಿ ತೇಲಿಬಿಟ್ಟರು. ಸೂಜಿ ಒಂದು ಗಳಿಗೆ ಅತ್ತಿತ್ತ ಅನುಮಾನಿಸಿತು. ಆಮೇಲೆ ಸಾವಕಾಶ ತಿರುಗಿ, ಹಣಮಪ್ಪನ ಗುಡಿಯ ಕಡೆ ಮುಖ ಮಾಡಿ ನಿಂತುಬಿಟ್ಟಿತು. ಗುಡಿ ಸಾಲೆಗೆ ನೇರ ಬಡಗಲಿಗೆ.

"ನೋಡ್ರಿ," ಎಂದಳು ಇಂದೂಬಾಯಿ, ತನಗೇ ಮೈ ಜುಮ್ಮೆಂದರೂ ತೋರಗೊಡದೆ. "ಯಾವಾಗ್ಲೂ ಇದರ ತಲಿ ಉತ್ತರಕ್ಕ."

ಸೋಮನಿಂಗ ಸ್ವಲ್ಪ ಹಿಂದೆ ಸರಿದ.

"ಸತ್ತೈತೇನ್ರಿ ಅದು?"

ಮಕ್ಕಳ ಮುಖ ನೋಡಿದ ಮೇಲೆ ಇಂದೂಬಾಯಿಗೆ ತಿಳಿಯಿತು. ಆ ಊರಲ್ಲಿ ಉತ್ತರಕ್ಕೆ ತಲೆ ಇಟ್ಟು ಮಲಗುವವರು ಒಂದೇ ಸಲ ಮಲಗುತ್ತಾರೆ. ಅಜ್ಜಿ ಅವಳಿಗೂ ಬೈದು ಬೈದು ಹಾಸಿಗೆ ತಿರುಗಿಸಿದ್ದಳು. ಟ್ರೈನಿಂಗ್ ಕಾಲೇಜಿನ ವಸತಿಯಲ್ಲಿ ಮಂಚವೇ ತಪ್ಪು ದಿಕ್ಕಿಗಿತ್ತೆಂದು ಅವಳು ಎರಡು ವರ್ಷ ಕಾಲಿಡುವ ಕಡೆ ತಲೆಯಿಟ್ಟು ಮಲಗಿದ್ದಳು. ಅಂಥವಳಿಗೆ ಇದು ಮೊದಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಬಾನುಬಿ ಆಗಲೇ ಪರಾತ ಎತ್ತಿಕೊಂಡು, ನೀರು ತುಳುಕದಂತೆ, ಬಾಗಿಲು ದಾಟಿದ್ದಳು.

ಸಂಜೆಯೊಳಗೆ ಸುದ್ದಿ ಸಾಲೆಗೆ ಬಂತು. ಮಾಬುಬಿ ಪರಾತದೊಳಗೆ ಒಮ್ಮೆ ನೋಡಿ ಗೋಡೆಗೆ ಆತು ಕೂತುಬಿಟ್ಟಳಂತೆ. "ಕಬರಿನ್ಯಾಗ ಇಟ್ಟಂಗ ಮಲಗೇತಿ. ಇದನ್ನ ನಂಬಿ ನನ್ನ ಮಗ ನೀರಿಗೆ ಇಳದಾನ?" ಶುಕ್ರವಾರದ ತನಕ ಕಾಯುವುದೂ ಬೇಡ, ನಾಳೆಯೇ ತಂತಿ, ಎಂದಳಂತೆ. ಪಾಠ ಸುರುವಾಗುವ ಮೊದಲು ಮೆಹರಾಜನ ನೌಕರಿಗೆ ಇನ್ನೆರಡು ದಿನ ಆಯುಷ್ಯವಿತ್ತು. ಈಗ ಅದರಲ್ಲೂ ಒಂದು ಹೋಯಿತು, ಅದೂ ಅಕ್ಕೋರ ಕೈಯಿಂದ.

ಇಂದೂಬಾಯಿ ಸಿಂದಗಿಗೆ ಹೋಗುವ ಬಸ್ಸನ್ನು ಬಿಟ್ಟಳು. ಹೆಡ್‌ಮಾಸ್ತರರ ಮನೆಯಲ್ಲಿ ಉಳಿಯುವೆನೆಂದು ಹೇಳಿಕಳಿಸಿ ಮಾಬುಬಿಯ ಮನೆಗೆ ಹೋದಳು. ದೀಪ ಹಚ್ಚುವ ಹೊತ್ತು. ಮಾಬುಬಿ ಅರ್ಧ ಹೊಲಿದ ಕೌದಿಯ ಮೇಲೆ ಕೂತಿದ್ದಳು. ಪರಾತ ಮೂಲೆಯಲ್ಲಿತ್ತು, ಅದರ ಮೇಲೆ ಒಂದು ಬಟ್ಟೆ ಹೊದಿಸಿತ್ತು.

"ಬರ್ರಿ ಅಕ್ಕೋರ. ಚಹಾ ಮಾಡಂಗಿಲ್ಲ, ಸಿಟ್ಟು ಬಂದೈತಿ."

"ಬ್ಯಾಡ್ರಿ. ಮಾಳಗಿ ಮ್ಯಾಲೆ ಬರ್ರಿ ಅವ್ವಾ, ಒಂದ್ ತೋರಸ್ತೇನಿ."

"ಸೂಜಿ ತೋರಿಸಿದ್ದು ಸಾಕಾಗಿಲ್ಲೇನು?"

ಆದರೂ ಏಣಿ ಹತ್ತಿದಳು. ಬಾನುಬಿ ಹಿಂದೆ ಹತ್ತಿದಳು. ಗುಡಿಯ ಕಡೆ, ಬೇವಿನ ಮರದ ಸ್ವಲ್ಪ ಮೇಲೆ, ಒಂದು ಬಡ ಚಿಕ್ಕೆ ಮಿಣಮಿಣ ಎನ್ನುತ್ತಿತ್ತು. ಇಂದೂಬಾಯಿ ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿದಳು. ನೆಲ ಮುಟ್ಟುವ ಕಡೆಯಿಂದ ಒಂದು ಮುಷ್ಟಿ, ಅದರ ಮೇಲೆ ಇನ್ನೊಂದು ಮುಷ್ಟಿ. ಎರಡು ಮುಗಿಯುತ್ತ ಬಂದಲ್ಲಿ ಚಿಕ್ಕೆ.

"ಅದು ಧ್ರುವ. ಉಳಿದ ಚಿಕ್ಕಿ ಎಲ್ಲಾ ತಿರಗತಾವ, ಅದೊಂದು ಕದಲಂಗಿಲ್ಲ. ಹಡಗ ತೆಂಕಣಕ್ಕ ಹೋತಂದ್ರ ಅದು ಕೆಳಗ ಇಳೀತೈತಿ. ಬಡಗಣಕ್ಕ ಹೋತಂದ್ರ ಮ್ಯಾಲೇರತೈತಿ."

ಮಾಬುಬಿ ತನ್ನ ಮುಷ್ಟಿ ಚಾಚಿ ಎಣಿಸಿದಳು. ನಂಬಿಕೆಯಾಗದೆ ಬಾನುಬಿಯ ಕೈಯಿಂದಲೂ ಎಣಿಸಿದಳು. ಸಣ್ಣ ಕೈ, ಸಣ್ಣ ಮುಷ್ಟಿ, ಅಲ್ಲಿಗೂ ಎರಡೇ ಬಂತು.

"ಅಂದ್ರ ನಮ್ಮ ಊರಿಗೆ ಎರಡು ಮುಷ್ಟಿ."

"ಹೌದ್ರಿ. ಮುಂಬಯಿಗೂ ಹೆಚ್ಚು ಕಮ್ಮಿ ಅಷ್ಟಽ."

"ಎಲ್ಲಿಗರೆ ಹೋಗ್ಲಿ, ತಿರುಗಿ ಎರಡು ಮುಷ್ಟಿ ಆಗೋತನಾ ಬಂದ್ರ, ಮನಿ ಸಾಲಿಗೆ ಬಂದಂಗ. ಆಮ್ಯಾಲೆ ಅಡ್ಡ ಬಂದ್ರಾತು."

ಇಂದೂಬಾಯಿ ಬೆರಗಾದಳು. ನಾವಿಕರು ನೂರಾರು ವರ್ಷ ಮಾಡಿದ್ದು ಅದನ್ನೇ ಎಂದು ಅವಳು ಟ್ರೈನಿಂಗ್ ಕಾಲೇಜಿನ ಪುಸ್ತಕದಲ್ಲಿ ಓದಿದ್ದಳು. ಹೇಳಬೇಕೆಂದು ಬಾಯಿ ತೆರೆದಳು.

"ಮೋಡ ಆದ್ರ?" ಎಂದಳು ಮಾಬುಬಿ.

ಉತ್ತರ ಒಂದೇ ಇತ್ತು. ಅದು ಕೆಳಗೆ ಮೂಲೆಯಲ್ಲಿ ಬಟ್ಟೆ ಹೊದ್ದು ಮಲಗಿತ್ತು.

"ಮೋಡ ಆದ್ರ ಸೂಜಿ ನೋಡ್ತಾರ್ರಿ," ಎಂದಳು ಬಾನುಬಿ. ಹೇಳಿದ್ದಕ್ಕೆ ತಲೆಯ ಮೇಲೊಂದು ತಿಂದಳು.

ಮಾಬುಬಿ ಕೆಳಗಿಳಿದಳು. ಬಟ್ಟೆ ತೆಗೆದು ನೋಡಿದಳು. ಸೂಜಿ ಹಾಗೇ ಇತ್ತು. ಬೆರಳಿನಿಂದ ಅದರ ತಲೆಯನ್ನು ಮೂಡಲಿಗೆ ತಿರುಗಿಸಿ ಬಿಟ್ಟಳು. ಸೂಜಿ ತಿರುಗಿ ಬಂತು. ಪಡುವಲಿಗೆ ತಿರುಗಿಸಿದಳು, ತಾನು ನಮಾಜು ಮಾಡುವ ದಿಕ್ಕು, ಅಲ್ಲಾದರೂ ನಿಂತೀತೆಂದು. ನಿಲ್ಲಲಿಲ್ಲ. ಪರಾತವನ್ನೇ ಎತ್ತಿ ಅಂಗಳಕ್ಕೆ ಒಯ್ದಳು, ಅಲ್ಲಿಂದ ದನ ಕಟ್ಟುವಲ್ಲಿಗೆ, ಅಲ್ಲಿಂದ ಓಣಿಗೆ. ಓಣಿಯಲ್ಲಿ ನಾಲ್ಕು ಜನ ಸೇರಿದರು. ತಾನು ಗಿರ್ರನೆ ಸುತ್ತಿದಳು, ನೀರು ಸೀರೆಯ ಮೇಲೆ ಚೆಲ್ಲಿತು. ಕೊನೆಗೆ ಸಿಟ್ಟಿನಿಂದ ಬಾಯಲ್ಲಿ ಊದಿದಳು. ಸೂಜಿ ಗರಗರ ಸುತ್ತಿ, ದಣಿದವರಂತೆ ನಿಧಾನಿಸಿ, ಮತ್ತೆ ಗುಡಿಯ ಕಡೆಗೇ ತಲೆ ಇಟ್ಟಿತು.

ಮಾಬುಬಿ ಪರಾತ ನೆಲಕ್ಕಿಳಿಸಿ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತಳು.

"ಹೆಣಾ ಅಲ್ಲ ಇದು," ಎಂದಳು. "ಹೆಣಾ ಇಟ್ಟಂಗ ಇರತೈತಿ. ನಮ್ಮ ಮನಿಯವರನ್ನ ನಾವಽ ಇಟ್ವಿ, ಇಟ್ಟಂಗ ಇದ್ರು. ಇದು ಎಷ್ಟ ಹೇಳಿದ್ರೂ ಇಟ್ಟಂಗ ಇರವಲ್ದು."

"ಹೌದ್ರಿ."

"ಭಾಳ ಹಟಮಾರಿ ಐತಿ."

"ಹೌದ್ರಿ ಅವ್ವಾ."

"ನೀವ್ ಸುಮ್ನ ಹೌದ್ರಿ ಹೌದ್ರಿ ಅನ್ನಬ್ಯಾಡ್ರಿ. ಚಹಾ ಕುಡೀರಿ."

ತಂತಿಯ ವಿಷಯ ಅವಳೂ ಎತ್ತಲಿಲ್ಲ, ಇಂದೂಬಾಯಿಗೂ ಕೇಳಲು ಧೈರ್ಯ ಸಾಲಲಿಲ್ಲ.

ಮರುದಿನ ಬೆಳಿಗ್ಗೆ ಮಾಬುಬಿ ಸೆರಗು ಹೊದ್ದು ಸಿಂದಗಿಯ ಬಸ್ಸು ಹತ್ತಿದ್ದನ್ನು ಇಂದೂಬಾಯಿ ಸಾಲೆಯ ಬಾಗಿಲಿಂದ ನೋಡಿದಳು. ಮಕ್ಕಳಿಗೆ ಮಗ್ಗಿ ಬರೆಯಲು ಹಚ್ಚಿ, ಹೆಡ್‌ಮಾಸ್ತರರಿಗೆ ತಲೆನೋವೆಂದು ಹೇಳಿ, ಓಡಿ ಅದೇ ಬಸ್ಸು ಹತ್ತಿದಳು. ಹಿಂದಿನ ಸೀಟಿನಲ್ಲಿ ಕೂತಳು. ಏನು ಹೇಳಿ ತಡೆಯಬೇಕೆಂದು ಸಿಂದಗಿಯ ತನಕ ಯೋಚಿಸಿದಳು. ಒಂದೂ ಮಾತು ಹೊಂದಿಕೆಯಾಗಲಿಲ್ಲ.

ಅಂಚೆ ಕಚೇರಿಯ ಕಿಟಕಿಯಲ್ಲಿ ಜಯತೀರ್ಥರು ಕೂತಿದ್ದರು. ಅವರು ತಲೆ ಎತ್ತಲಿಲ್ಲ.

"ತಾಯಿಯೋ, ತಂದಿಯೋ?"

"ಏನ್ರಿ?"

"ಸೀರಿಯಸ್ ಯಾರು?"

ಇಂದೂಬಾಯಿ ಬಾಗಿಲ ತನಕ ಬಂದು ನಿಂತಳು.

"ಯಾರೂ ಇಲ್ಲರಿ," ಎಂದಳು ಮಾಬುಬಿ. "ನಾ ಆರಾಮ ಇದ್ದೇನಿ. ಒಂದು ಕಾರ್ಡು ಕೊಡ್ರಿ, ಬರದೂ ಕೊಡ್ರಿ. ಹಡಗಿನ್ಯಾಗಿರೋ ಮಗಗ. ಹೊರಡೂದ್ರೊಳಗ ಮುಟ್ಟಬೇಕು."

ಜಯತೀರ್ಥರು ತಲೆ ಎತ್ತಿದರು. ಆರಾಮವಿರುವ ತಾಯಿಯನ್ನು ಆ ಕಿಟಕಿಯಲ್ಲಿ ಅವರು ಕಂಡು ಬಹಳ ದಿನವಾಗಿತ್ತು.

"ಹಡಗಿನ್ಯಾಗ? ಸಮುದ್ರದಾಗ ದಾರಿ ಹೆಂಗ ತಿಳೀತೈತೋ ಏನೋ, ಮಾರಾಯ್ತಿ."

ಮಾಬುಬಿ ಚೀಲ ಕೆಳಗಿಟ್ಟಳು. "ಮೊದಲ ಮುಷ್ಟಿ ಮಾಡ್ರಿ," ಎಂದಳು. ಜಯತೀರ್ಥರು ಸುತ್ತ ನೋಡಿ ಮುಷ್ಟಿ ಮಾಡಿದರು. ಹಿಂದೆ ಪಾಳಿಯಲ್ಲಿದ್ದ ಇಬ್ಬರು ರೈತರೂ ಮಾಡಿದರು. ಕದಲದ ಚಿಕ್ಕೆಯ ಕತೆ, ಮೋಡದ ಕತೆ, ಇಟ್ಟಂಗೆ ಇರದ ಸೂಜಿಯ ಕತೆ, ಎಲ್ಲವೂ ಕಿಟಕಿಯ ಮುಂದೆ ಸುರುವಾದವು. ಸೂಜಿಗೆ ಆ ಚಿಕ್ಕೆ ಖಾಸಾ ಅಣ್ಣನಾಗಬೇಕೆಂದು ಮಾಬುಬಿ ಹೇಳಿದಾಗ ಇಂದೂಬಾಯಿ ತಿದ್ದಲು ಮುಂದೆ ಬಂದಳು. ಬಂದವಳು ಜಯತೀರ್ಥರ ಕೈ ನೋಡಿದಳು.

"ಮೊಣಕೈ ಬಗ್ಗಸಬ್ಯಾಡ್ರಿ ರಾಯರ, ನೆಟ್ಟಗ ಚಾಚ್ರಿ. ಇಲ್ಲಂದ್ರ ಲೆಕ್ಕ ತಪ್ಪತೈತಿ," ಎಂದಳು.

ಮಾಬುಬಿ ತಿರುಗಿ ನೋಡಿದಳು. ಅಕ್ಕೋರು ಇಲ್ಲಿ ಹೇಗೆಂದು ಕೇಳಲಿಲ್ಲ.

ಜಯತೀರ್ಥರು ನೆಟ್ಟಗೆ ಚಾಚಿದರು. "ಆತು. ಎರಡು ಮುಷ್ಟಿ. ಆಮ್ಯಾಲೆ?"

"ಆಮ್ಯಾಲೆ ಏನ್ರಿ, ಬರ್ತಾನ," ಎಂದಳು ಮಾಬುಬಿ. "ಕೈ ಇಳಿಸಿ ಕಾರ್ಡು ಬರೀರಿ."