ಗುಂಡಿ ಬಂದರೆ ಕೂಗುವ ಯಂತ್ರ

ಶಿವರಾಜನ ಗಂಟಲಲ್ಲಿ ಒಂದು ಸಂತೆಯೇ ನೆರೆದಿತ್ತು. ಮಾರತ್ತಹಳ್ಳಿ ಬಸ್ಸಿನ ಕಂಡಕ್ಟರ್, ಫ್ಯಾಕ್ಟರಿಯ ಸೈರನ್, ಮ್ಯಾನೇಜರನ ಕೆಮ್ಮು, ಎಲ್ಲವೂ ಅಲ್ಲಿ ಬಾಡಿಗೆಯಿಲ್ಲದೆ ವಾಸವಾಗಿದ್ದವು. ಅವನು ಮಾತ್ರ ಪಟ್ಟಂದೂರು ಅಗ್ರಹಾರದ ರಾಮಾಂಜಿನಪ್ಪನ ವಠಾರದಲ್ಲಿ ಬಾಡಿಗೆಗಿದ್ದ. ಕಿಟಕಿಯಡಿ ನಿಂತು ಬಾಯಲ್ಲೇ ಕುಕ್ಕರಿನ ಸೀಟಿ ಹೊಡೆದರೆ ರಾಮಾಂಜಿನಪ್ಪನ ಹೆಂಡತಿ ಚಿಕ್ಕಮುನಿಯಮ್ಮ ಒಲೆಯತ್ತ ಓಡುತ್ತಿದ್ದಳು.

"ಥೂ, ನಿನ್ ಗಂಟ್ಲಿಗೆ ಬೀಗ ಜಡಿಯಾ!"

ಬೈಯುತ್ತಿದ್ದಳೇ ಹೊರತು ನಗುತ್ತಿರಲಿಲ್ಲ. ಮಗಳು ಅಂಜಿನಮ್ಮ ಹೋದ ಮೇಲೆ ಆಕೆ ನಕ್ಕದ್ದನ್ನು ಯಾರೂ ಕಂಡಿರಲಿಲ್ಲ.

ಅಂಜಿನಮ್ಮ ಕೆರೆಗೆ ಬಟ್ಟೆ ಒಗೆಯಲು ಹೋದವಳು ಹೆಣವಾಗಿ ತೇಲಿದ್ದಳು. ಆ ಬೆಳಿಗ್ಗೆ ಯಾವುದೋ ಸಣ್ಣ ಮಾತಿಗೆ ತಾಯಿ, "ಓಗಿ ಕೆರೆಗೆ ಬೀಳೋಗು!" ಎಂದು ಗದರಿದ್ದಳು. ಊರಿನ ತಾಯಂದಿರೆಲ್ಲ ಬೈದು ಮರೆಯುವ ಬೈಗುಳ ಅದು. "ಇಟ್ಟಿಗೆಗೆ ಮಣ್ಣು ತೆಗೆದೋರು ಅಲ್ಲಿ ಗುಂಡಿ ಬಿಟ್ಟವ್ರೆ, ಕಾಲು ಜಾರೈತೆ" ಎಂದು ರಾಮಾಂಜಿನಪ್ಪ ಹೇಳುತ್ತಲೇ ಬಂದಿದ್ದ. ಎದೆಮಟ್ಟದ ನೀರಲ್ಲಿ ಬೇಕೆಂದೇ ಮುಳುಗದೆ ಯಾರು ಸಾಯುತ್ತಾರೆ ಎಂದಿತು ಊರು. ಮೀನಿಗಾಗಿ ದಿನವೂ ಬಿದಿರ ಗಳ ಊರಿ ದೋಣಿ ನಡೆಸುವ ರಾಮಾಂಜಿನಪ್ಪ, ಆ ಜಾಗ ಬಂದಾಗ ಮಾತ್ರ ಗಳವನ್ನು ಮೇಲೆತ್ತಿ ದೋಣಿಯನ್ನು ತೇಲಲು ಬಿಡುತ್ತಿದ್ದ.

ಶಿವರಾಜನ ಕಂಪನಿ ಮಲ್ಪೆಯ ದೋಣಿಗಳಿಗೆಂದು ನೀರಿನ ಆಳ ಅಳೆಯುವ ಯಂತ್ರ ಮಾಡಿತ್ತು. ಪರೀಕ್ಷೆಗೆ ವೈಟ್‌ಫೀಲ್ಡಿನಲ್ಲಿ ಸಮುದ್ರ ಎಲ್ಲಿಂದ ತರುವುದು? ರಾಮಾಂಜಿನಪ್ಪನ ದೋಣಿಯೇ ಹಡಗಾಯಿತು.

"ಇದೇನ್ಮಾಡ್ತದಪ್ಪಾ?" ಎಂದಳು ಚಿಕ್ಕಮುನಿಯಮ್ಮ.

"ನೀರೊಳಗೆ ಸದ್ದು ಬಿಡುತ್ತೆ ಅಮ್ಮ. ಅದು ತಳಕ್ಕೆ ಬಡಿದು ವಾಪಸ್ ಬರೋ ಹೊತ್ತು ನೋಡಿ ಆಳ ತೋರಿಸುತ್ತೆ. ಹತ್ತಡಿ ದಾಟಿದ್ರೆ ಕೂಗುತ್ತೆ."

"ಸುಳ್ಳೇಳ್ತದಾ?"

"ಮಿಷನ್ ಅಲ್ವಾ, ಸುಳ್ಳು ಹೇಳೋಕೆ ಬರಲ್ಲ."

"ಅಂಗಾರೆ ನನ್ ಮಗಳೋದ ತಾವ ಇಡು. ದಡದಾಗೆ ಕುಂತು ಕೇಳ್ತೀನಿ."

ರಾಮಾಂಜಿನಪ್ಪ ನೆಲ ನೋಡಿದ.

ಯಂತ್ರದ ಬಿಲ್ಲೆಯಂಥ ಕಿವಿಯನ್ನು ಶಿವರಾಜ ದೋಣಿಯ ಹಿಂಬದಿ ಹಲಗೆಗೆ, ನೀರಲ್ಲಿ ಮುಳುಗುವಂತೆ ಬಿಗಿದ. ಮೊದಲಿಗೆ ಅಂಕಿಗಳು ಹುಚ್ಚಾಪಟ್ಟೆ ಕುಣಿದವು. ಬಿಲ್ಲೆಯಡಿ ಗಾಳಿಗುಳ್ಳೆ ಸಿಕ್ಕಿತ್ತು. ಬೆರಳಿಂದ ಒರೆಸಿ, ಇನ್ನಷ್ಟು ಕೆಳಗಿಳಿಸಿದ. ತೂಬಿನ ಹತ್ತಿರ ಹೋದಾಗ ಯಂತ್ರ ಹನ್ನೆರಡಡಿ ತೋರಿಸಿ ಕೀಂ, ಕೀಂ ಎಂದಿತು. ಕಲ್ಲು ಕಟ್ಟಿದ ಹಗ್ಗ ಬಿಟ್ಟು ನೋಡಿದರೂ ಅಷ್ಟೇ ಆಳ. ದಡದಲ್ಲಿ ಕುಳಿತಿದ್ದ ಚಿಕ್ಕಮುನಿಯಮ್ಮ ಸದ್ದು ಕೇಳಿ ಎದ್ದು ನಿಂತಳು.

ಅಂಜಿನಮ್ಮ ಬಟ್ಟೆ ಒಗೆಯುತ್ತಿದ್ದ ಕಲ್ಲುಗಳತ್ತ ದೋಣಿ ತಿರುಗಿತು. ರಾಮಾಂಜಿನಪ್ಪ ಗಳ ಮೇಲೆತ್ತಿದ. ದೋಣಿ ತೇಲುತ್ತ ಆ ಜಾಗದ ಮೇಲೆ ನಿಂತಿತು.

ನಾಲ್ಕಡಿ.

ಶಿವರಾಜ ಬಿಲ್ಲೆ ಒರೆಸಿದ. ನಾಲ್ಕೇ. ಕೈಯಿಂದಲೇ ನೀರು ತಳ್ಳಿ ದೋಣಿ ಸುತ್ತಿಸಿದ. ಎಲ್ಲೆಡೆ ತಟ್ಟೆಯ ಹಾಗೆ ಸಮನಾದ ತಳ.

"ಏನಂತದೆ?" ದಡದಿಂದ ಕೂಗು ಬಂತು. "ಯಾಕೆ ಸುಮ್ಕೈತೆ?"

ಶಿವರಾಜ ದಡಕ್ಕೆ ಬೆನ್ನು ಮಾಡಿ ಯಂತ್ರದ ಮೇಲೆ ಬಾಗಿದ. ತುಟಿ ಬಿಗಿದ. ಕೀಂ, ಕೀಂ, ಕೀಂ.

ದಡದಲ್ಲಿ ಚಿಕ್ಕಮುನಿಯಮ್ಮ ಕುಸಿದು ಕುಳಿತಳು. "ಜಾರ್‌ಬಿಟ್ಯೇನೇ ಕಂದಾ... ನನ್ ಮಾತಿಗಲ್ವೇನೇ..." ಎಂದು ಎದೆ ಬಡಿದುಕೊಂಡು ಅತ್ತಳು. ಮಗಳು ಸತ್ತಾಗಲೂ ಆಕೆ ಹೀಗೆ ಬಾಯಿಬಿಟ್ಟು ಅತ್ತಿರಲಿಲ್ಲ.

ಶಿವರಾಜ ತಲೆಯೆತ್ತಿದ. ಎದುರಿಗೆ ಕುಳಿತಿದ್ದ ರಾಮಾಂಜಿನಪ್ಪ ಯಂತ್ರವನ್ನು ನೋಡುತ್ತಿರಲಿಲ್ಲ, ಅವನ ತುಟಿಯನ್ನು ನೋಡುತ್ತಿದ್ದ.

"ಯಜಮಾನ್ರೆ..."

"ಏನೂ ಏಳ್ಬೇಡಿ ಸಾರ್."

ಗಾಳಿ ಬಿದ್ದುಹೋಗಿತ್ತು, ದೋಣಿ ತಾನಾಗಿ ಕದಲುವಂತಿರಲಿಲ್ಲ. ರಾಮಾಂಜಿನಪ್ಪ ಮೊದಲ ಸಲ ಆ ಜಾಗದಲ್ಲಿ ಗಳ ಇಳಿಸಿದ. ಅದು ಕೂಡಲೇ ತಳ ಮುಟ್ಟಿ ನಿಂತಿತು. ಅದನ್ನು ಹಿಡಿದು, ಹಣೆಯನ್ನು ಅದಕ್ಕೇ ಆನಿಸಿದ.

ಒಮ್ಮೆ ಜೋರಾಗಿ ನೂಕಿ, ಗಳವನ್ನು ಮೇಲೆಳೆದುಕೊಂಡ. ಅದರ ಮೇಲೆ ನೀರು, ಕೆಸರು ಹತ್ತಿದ ಗುರುತು ಅವನ ಎದೆಮಟ್ಟಕ್ಕೆ ಸ್ಪಷ್ಟವಾಗಿ ನಿಂತಿತ್ತು.

ದೋಣಿ ದಡ ಸೇರುವ ಮೊದಲು ರಾಮಾಂಜಿನಪ್ಪ ಹೆಗಲ ಟವೆಲ್ ತೆಗೆದು ಆ ಗುರುತನ್ನು ಪೂರಾ ಒರೆಸಿದ.

"ಮಿಷನ್ನೇ ಕೂಗ್ತಲ್ಲಪ್ಪಾ?" ಎಂದಳು ಚಿಕ್ಕಮುನಿಯಮ್ಮ.

ಶಿವರಾಜನ ಗಂಟಲಿಂದ ಯಾರ ದನಿಯೂ ಹೊರಡಲಿಲ್ಲ.

"ಊಂ ಕಣೇ," ಎಂದ ರಾಮಾಂಜಿನಪ್ಪ. "ಮಿಷನ್ನೇ."